ಕಂಠದಲ್ಲಿ ಸಿಕ್ಕ ದರ್ಭೆ

ನಾನು ಒಂದು ದೋಣಿಯಂತ್ರ. ದೋಣಿಯ ಹಿಂಬದಿಯ ಹಲಗೆಯನ್ನು ಕಚ್ಚಿಕೊಂಡು, ತಲೆಯನ್ನು ಗಾಳಿಯಲ್ಲಿಯೂ ಕಾಲನ್ನು ನೀರಿನಲ್ಲಿಯೂ ಇರಿಸಿ, ಎದುರಾದ ಹೊಳೆಯನ್ನು ಹಿಂದಕ್ಕೆ ತಳ್ಳುವುದು ನನ್ನ ಕುಲಧರ್ಮ. ಐದು ಕುದುರೆಗಳ ಬಲ ನನ್ನಲ್ಲಿದೆಯೆಂದು ನನ್ನ ತಲೆಗವಸಿನ ಮೇಲೆ ಬರೆದಿದ್ದರು. ಆ ಬರಹ ಅಳಿಸಿಹೋಗಿ ಬಹುಕಾಲವಾಯಿತು. ಒಂದು ಪಿಸ್ಟನ್, ಒಂದು ಪ್ಲಗ್, ಒಂದು ಕಾರ್ಬುರೇಟರ್: ಇಷ್ಟೇ ನನ್ನ ಪರಿವಾರ. ಇಷ್ಟು ಅಲ್ಪ ಸಂಸಾರದ ಯಂತ್ರವೊಂದನ್ನು ಅರಿಯುವುದಕ್ಕೆ ಒಬ್ಬ ಘನಪಂಡಿತರಿಗೆ ಎರಡು ತಿಂಗಳು ಸಾಲದೆ ಹೋದುದು ನನ್ನ ಬಾಳಿನ ದೊಡ್ಡ ಸಂಕಟ. ನನ್ನ ರೋಗ ಯಾವುದೆಂದು ನನಗೆ ಮೊದಲ ದಿನದಿಂದಲೇ ತಿಳಿದಿತ್ತು. ಹೇಳಲು ಬಾಯಿ ಇರಲಿಲ್ಲ.

ನನ್ನ ಜನನ ಪೂರ್ವಸಮುದ್ರದಾಚೆಯ ಒಂದು ದ್ವೀಪದೇಶದ ಕಾರ್ಖಾನೆಯಲ್ಲಾಯಿತು. ಕರಗಿದ ಲೋಹವನ್ನು ಅಚ್ಚಿಗೆ ಎರೆದರು. ಆರಿದ ಮೇಲೆ ಒಡಲನ್ನು ಕೊರೆದು, ಉಜ್ಜಿ, ನಯಗೊಳಿಸಿದರು. ಅಂಗಾಂಗಗಳನ್ನು ಜೋಡಿಸಿ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಹಗ್ಗ ಎಳೆದರು. ಒಂದೇ ಎಳೆತಕ್ಕೆ ನಾನು ಕೂಗಿದೆ. ಬಿಳಿಯ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಹೆಗಲಿಗೆ ಒಂದು ಚೀಟಿ ಅಂಟಿಸಿ, ಮೆಚ್ಚುಗೆಯ ಒಂದು ನೋಟವನ್ನೂ ಬೀರದೆ, ಪಕ್ಕದ ಯಂತ್ರದ ಕಡೆಗೆ ತಿರುಗಿದಳು. ಒಂದೇ ಎಳೆತಕ್ಕೆ ಕೂಗುವುದು ಎಂಥ ಭಾಗ್ಯವೆಂಬುದು ಆಗ ನನಗೂ ತಿಳಿದಿರಲಿಲ್ಲ.

ಹಡಗಿನ ಹೊಟ್ಟೆಯಲ್ಲಿ, ಮರದ ಪೆಟ್ಟಿಗೆಯೊಳಗೆ ಬಹುದಿನ ಕಳೆದು ಕೊನೆಗೆ ನಾನು ಬೆಳಕು ಕಂಡದ್ದು ಗಂಗೊಳ್ಳಿಯ ಸಮೀಪದ ಒಂದು ಹೊಳೆದಂಡೆಯಲ್ಲಿ. ಐದು ಹೊಳೆಗಳು ಕೂಡಿ ಕಡಲನ್ನು ಸೇರುವ ಸೀಮೆ ಅದು. ಪೆಟ್ಟಿಗೆಯ ಹಲಗೆ ಕಿತ್ತವನು ಹೆರಿಯ ಮೊಗವೀರ. ಆಗ ಅವನಿಗೆ ಮೂವತ್ತರ ಪ್ರಾಯ. ನನ್ನನ್ನು ಸುತ್ತಲೂ ನೋಡಿ, ಬೆರಳಿನಿಂದ ತಟ್ಟಿ, ಅವನು ಆಡಿದ ಮೊದಲ ಮಾತು ಇದು:

“ಹುಟ್ಟ್ ಹಾಕಿ ಹಾಕಿ ನನ್ ರಟ್ಟಿ ಸೋತ್ ಹೋಯ್ತ್. ಇನ್ ನೀನ್ ದುಡಿ, ಮಗಾ.”

ದುಡಿದೆ. ಬೆಳಗಿನ ಜಾವ ಅಳಿವೆಯ ಬಾಯಲ್ಲಿ ಬಲೆ. ಬಿಸಿಲೇರುವ ಹೊತ್ತಿಗೆ ಸರಿಯಾಗಿ, ಮಳೆಯಿರಲಿ ಗಾಳಿಯಿರಲಿ, ಗಣಪಯ್ಯ ಉರಾಳರನ್ನು ಹೊಂಗೆಕುದ್ರಿಗೆ ಮುಟ್ಟಿಸಿ ಕರೆತರುವ ಕಾಯಕ. ಹೊಳೆಯ ನಡುವಿನ ನಡುಗಡ್ಡೆಯನ್ನು ಈ ಸೀಮೆಯವರು ಕುದ್ರು ಎನ್ನುತ್ತಾರೆ. ಆ ಕುದ್ರಿನಲ್ಲಿ ಹಿಂದೆ ಏಳು ಮನೆಗಳಿದ್ದುವಂತೆ. ನೆರೆಗೆ ಬೇಸತ್ತು ಎಲ್ಲರೂ ದಡಕ್ಕೆ ಬಂದು ನೆಲಸಿದರು. ಗುಡಿಯ ವಿಷ್ಣುಮೂರ್ತಿಯೊಬ್ಬನೇ ಅಲ್ಲಿ ಉಳಿದನು. ಉರಾಳರ ಅಜ್ಜ, ತಂದೆ, ಈಗ ಉರಾಳರು, ದಿನವೂ ಹೊಳೆ ದಾಟಿ ಆ ಏಕಾಂಗಿ ದೇವರಿಗೆ ನೀರೆರೆದು, ಅನ್ನ ನಿವೇದಿಸಿ ಮರಳುತ್ತಿದ್ದರು. ವೇದವನ್ನೂ ವ್ಯಾಕರಣವನ್ನೂ ಹದಿನಾಲ್ಕು ವರ್ಷ ಓದಿದವರು ಅವರು. ದೋಣಿಯಲ್ಲಿ ಕುಳಿತಷ್ಟು ಹೊತ್ತೂ ಅವರ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಮಂತ್ರ, ಶ್ಲೋಕ, ಅದರ ಪದಚ್ಛೇದ, ಅದರ ಅರ್ಥ. ಮೂವತ್ತು ವರ್ಷ ಅವರ ಬೆನ್ನ ಹಿಂದೆ ನಿಂತು ಕೇಳಿದ ನನ್ನ ಮಾತು ಹೀಗೆ ಬಿಗಿಯಾಗಿ ಹೆಣೆದುಕೊಂಡಿದ್ದರೆ ಅದು ನನ್ನ ತಪ್ಪಲ್ಲ.

ನನ್ನ ದೇಹದ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ಕಾರ್ಬುರೇಟರಿನೊಳಗೆ ಜೆಟ್ ಎಂಬ ಹಿತ್ತಾಳೆಯ ಸಣ್ಣದೊಂದು ಬಿಲ್ಲೆಯಿದೆ. ಅದರ ನಡುವೆ ಕೂದಲೆಳೆ ನುಸುಳುವಷ್ಟು ರಂಧ್ರ. ನಾನು ಕುಡಿಯುವ ಪೆಟ್ರೋಲೆಲ್ಲ ಆ ರಂಧ್ರದ ಮೂಲಕವೇ ಒಳಗೆ ಬರಬೇಕು. ಅದು ನನ್ನ ಕಂಠ. ಕಸದ ಒಂದು ಕಣ ಅಲ್ಲಿ ಸಿಕ್ಕಿದರೆ ಐದು ಕುದುರೆಗಳೂ ಒಟ್ಟಿಗೆ ಮಲಗುತ್ತವೆ. ಹೆರಿಯ ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ತುಟಿಗಳ ನಡುವೆ ಹಿಡಿದು, ಬಲವಾಗಿ ಊದಿ, ಬಿಸಿಲಿಗೆ ಹಿಡಿದು ನೋಡಿ ಮತ್ತೆ ಕೂರಿಸುತ್ತಿದ್ದ. ನನ್ನ ಎಲ್ಲ ರೋಗಕ್ಕೂ ಅವನಲ್ಲಿದ್ದ ಔಷಧ ಅದೊಂದೇ.

ಅವನು ಹಾಗೆ ಬಾಯಿಗಿಟ್ಟಾಗಲೆಲ್ಲ ಉರಾಳರು ಮುಖವನ್ನು ಹೊಳೆಯ ಕಡೆಗೆ ತಿರುಗಿಸುತ್ತಿದ್ದರು. ಒಲೆಯ ಬೆಂಕಿಯನ್ನೂ ಬಾಯಿಂದ ಊದದ ವ್ರತ ಅವರದು. ಎಂಜಲು ತಾಗಿದ ಪಾತ್ರೆಯನ್ನು ಮೂರು ಸಲ ತೊಳೆಯುವ ಮನೆತನ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: “ಹೆರಿಯಾ, ಅದನ್ನ ಬಾಯಿಗ್ ಹಾಕ್ದೆ ಸಮ ಮಾಡುಕ್ ಆತಿಲ್ಲ್ಯಾ? ಒಂದ್ ಸೂಜಿ ಹಾಕಿ ಚುಚ್ಚ್.”

“ಅಯ್ಯಾ, ಕಬ್ಬಿಣ ತಾಗ್ಸುಕಾಗ. ತೂತ್ ದೊಡ್ಡ ಆರೆ ಇದ್ರ್ ಕತಿ ಮುಗೀತ್. ಇದ್ಕೆ ಉಸಿರೇ ಆಯ್ಕ್.”

“ಬಾಯಿ ಎಂಜಲ್ ಅಲ್ದನಾ?”

“ಮತ್ತೆ ನೀವ್ ಶಂಖ ಊದುದ್ ಮೂಗಿಂದ್ಲಾ?”

“ಶಂಖಕ್ಕೆ ಶಾಸ್ತ್ರ ಇತ್ತ್, ಮಾರಾಯ.”

“ಇದ್ಕೂ ಇತ್ತ್. ಇದೇ ಶಾಸ್ತ್ರ.”

ಉರಾಳರು ನಕ್ಕುಬಿಟ್ಟರು. ಆ ಪರಿಹಾಸ ಇಬ್ಬರ ನಡುವೆ ಬಹುಕಾಲ ಉಳಿಯಿತು. ಕುದ್ರಿನಿಂದ ಶಂಖಧ್ವನಿ ಕೇಳಿದೊಡನೆ, ದೋಣಿಯಲ್ಲಿ ಕಾದು ಕುಳಿತ ಹೆರಿಯ ಮುಷ್ಟಿಯನ್ನು ಬಾಯಿಗಿಟ್ಟು, ಕತ್ತನ್ನು ಮೇಲಕ್ಕೆತ್ತಿ, ಅದೇ ಭಂಗಿಯನ್ನು ಅಣಕಿಸುತ್ತಿದ್ದ. ಗುಡಿಯಿಂದ ಹೊರಬಂದ ಉರಾಳರು ಕಂಡು “ಕಪಿ” ಎನ್ನುತ್ತಿದ್ದರು.

ಮೂವತ್ತನೆಯ ವರ್ಷದ ಫಾಲ್ಗುಣದಲ್ಲಿ, ಪೂಜೆ ಮುಗಿಸಿ ಮರಳುವಾಗ, ನನ್ನ ಹಿಡಿಕೆಯ ಮೇಲಿದ್ದ ಹೆರಿಯನ ಬಲಗೈ ಹಠಾತ್ತಾಗಿ ಸಡಿಲಿತು. ಅವನು ಏನನ್ನೋ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ದೇಹ ಪಕ್ಕಕ್ಕೆ ವಾಲಿ ನನ್ನ ಮೇಲೆಯೇ ಬಿತ್ತು. ದಿಕ್ಕುಗೆಟ್ಟ ದೋಣಿ ದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ಡಿಕ್ಕಿ ಹೊಡೆದ ರಭಸಕ್ಕೆ ನನ್ನ ಹಿಡಿತ ಕಳಚಿತು. ಉರಾಳರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಡದವರನ್ನು ಕೂಗುತ್ತಿದ್ದುದೇ ನಾನು ನೀರಿಗೆ ಬೀಳುವ ಮುನ್ನ ಕೇಳಿದ ಕೊನೆಯ ಧ್ವನಿ.

ಮೂರು ದಿನ ಉಪ್ಪುಕೆಸರಿನಲ್ಲಿ ಮಲಗಿದ್ದೆ. ಚಿಪ್ಪು ಹೆಕ್ಕುವವರು ಕಾಲಿಗೆ ತಾಗಿದ ನನ್ನನ್ನು ಎತ್ತಿ ಹೆರಿಯನ ಮನೆಯ ಹಿತ್ತಿಲಿಗೆ ತಂದು ಹಾಕಿದರು. ಹೆರಿಯ ಆಸ್ಪತ್ರೆಯಿಂದ ಜೀವಸಹಿತ ಬಂದ. ಬಲಭಾಗವೂ ಮಾತೂ ಬರಲಿಲ್ಲ. ತೆಂಗಿನ ಗರಿಯ ಕೆಳಗೆ ನಾನು, ಜಗಲಿಯ ಮಂಚದಲ್ಲಿ ಅವನು, ಇಬ್ಬರೂ ಒಳಗೊಳಗೇ ತುಕ್ಕು ಹಿಡಿಯತೊಡಗಿದೆವು.

ಬೇಸಗೆಯಲ್ಲಿ ಚಿಪ್ಪಿನವರು ತಮ್ಮ ದೋಣಿಯಲ್ಲಿ ಉರಾಳರನ್ನು ಕುದ್ರಿಗೆ ಬಿಡುತ್ತಿದ್ದರು. ಮುಂಗಾರು ಹಿಡಿದು ಹೊಳೆ ಕೆಂಪಾದ ಮೇಲೆ ಅವರ ಕಸುಬು ನಿಂತಿತು. ಉಳಿದವರು ಬಿಡುವಿದ್ದ ದಿನ ಬಂದರು, ಇಲ್ಲದ ದಿನ ಬರಲಿಲ್ಲ. ಮೊದಲ ಹದಿನೈದು ದಿನಗಳಲ್ಲಿ ಆರು ದಿನ ದೇವರಿಗೆ ನೀರಿಲ್ಲ, ಅನ್ನವಿಲ್ಲ. ಆ ಆರು ದಿನವೂ ಉರಾಳರು ಮಡಿಯುಟ್ಟು, ನೈವೇದ್ಯದ ಪಾತ್ರೆ ಹಿಡಿದು ದಡದಲ್ಲಿ ನಿಂತು, ಹೊತ್ತು ಮೀರಿದ ಮೇಲೆ ಮನೆಗೆ ಬಂದು ತಾವೂ ಉಣ್ಣದೆ ಮಲಗಿದರಂತೆ.

ಗುಡಿಯ ಮೊಕ್ತೇಸರರು ಶೀನಪ್ಪ ಶೆಟ್ಟರು. ಕೆಟ್ಟವರಲ್ಲ, ಕಂಡದ್ದನ್ನು ಕಂಡಂತೆ ಹೇಳುವವರು. ಉರಾಳರನ್ನು ಕರೆದು ಹೇಳಿದರು:

“ಭಟ್ರೆ, ನೀರ್ ಕಾಣ್ತಾ ದೇವ್ರ್ ಎಷ್ಟ್ ದಿನ ಉಪಾಸ ಕೂಕಂತ್ರ್? ಸಿಂಹ ಸಂಕ್ರಮಣದ್ ದಿನ ಮಧ್ಯಾಹ್ನದ ಪೂಜಿ ಗಂಟಿ ಈ ದಡಕ್ಕೆ ನನ್ನ ಕೆಮಿಗ್ ಕೇಳ್ಕ್. ಕೇಳ್ದಿದ್ರೆ ತಂತ್ರಿಗಳನ್ನ ಕರ್ಸಿ ದೇವ್ರನ್ನ ದಡಕ್ಕೆ ತರುದೇ. ನಂಗೂ ಮನ್ಸಿಲ್ಲ, ಆರೆ ಬೇರೆ ದಾರಿ ಎಂತ ಇತ್ತ್?”

ಸಂಕ್ರಮಣಕ್ಕೆ ಎರಡು ತಿಂಗಳಿತ್ತು. ಮೂರು ತಲೆಮಾರು ತಪ್ಪದೆ ನಡೆದು ಬಂದ ಸೇವೆ ತಮ್ಮ ಕೈಯಲ್ಲಿ ನಿಲ್ಲುವುದೆಂಬ ಯೋಚನೆ ಉರಾಳರನ್ನು ಆ ಸಂಜೆಯೇ ಹೆರಿಯನ ಹಿತ್ತಿಲಿಗೆ ಕರೆತಂದಿತು. ಹೆರಿಯನ ಮಗಳು ಜಲಜೆ ಮೀನಿನ ಬುಟ್ಟಿ ತೊಳೆಯುತ್ತಿದ್ದಳು.

“ಇದನ್ನಾ, ಅಯ್ಯಾ?” ಎಂದು ಅವಳು ನನ್ನ ಮೇಲಿನ ಗರಿಯನ್ನು ಕಾಲಿನಿಂದ ಸರಿಸಿದಳು. “ಬಂದರಿನ ಮೆಕ್ಯಾನಿಕ್ಕಿಗ್ ತೋರ್ಸಿದೆ. ಗುಜ್ರಿಯವ್ರೂ ಮೂಸುದಿಲ್ಲ ಅಂದ. ಬೇಕಾರೆ ತಕಂಡ್ ಹೋಯ್ನಿ. ಆರೆ ರಿಪೇರಿ ಯಾರ್ ಮಾಡ್ತ್ರ್?”

“ನಾನೇ.”

ಜಲಜೆ ನಗಲಿಲ್ಲ, ನಗು ತಡೆಯಲು ಬುಟ್ಟಿಯನ್ನು ಮತ್ತೊಮ್ಮೆ ತೊಳೆದಳು.

ಹೀಗೆ ನಾನು ಉರಾಳರ ಮನೆಯ ಜಗಲಿಯ ತುದಿಗೆ ಬಂದೆ. ಮನೆಯೊಡತಿ ಕಮಲಾಕ್ಷಿಯಮ್ಮನವರು ನನ್ನನ್ನೂ ಗಂಡನನ್ನೂ ಒಂದೇ ನೋಟದಲ್ಲಿ ಅಳೆದರು.

“ಸುತ್ತ ಗೋಮಯ ಸಾರ್ಸಿ ಕೂರ್ಸಿದ್ರಲೆ! ಇದ್ಕೆ ಜನಿವಾರ ಯಾವಾಗ ಹಾಕ್ತ್ರಿ?”

ಉರಾಳರ ಕಾರ್ಯವಿಧಾನ ಅವರ ಪಾಂಡಿತ್ಯಕ್ಕೆ ತಕ್ಕುದಾಗಿತ್ತು. ಅದನ್ನು ನಾನು ಒಪ್ಪಲೇಬೇಕು. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಒಗೆದ ಬಟ್ಟೆಯ ಚೂರಿನಲ್ಲಿ ಕಟ್ಟಿ, ಕ್ರಮಾಂಕ ಬರೆದು, ಆ ಕ್ರಮವನ್ನು ಪಾಠದಂತೆ ಕಂಠಸ್ಥ ಮಾಡಿದರು. ಒಟ್ಟು ಎಪ್ಪತ್ತೆರಡು ಭಾಗಗಳು. ಬಿಚ್ಚುವಾಗ ಒಂದರಿಂದ ಎಪ್ಪತ್ತೆರಡರವರೆಗೆ, ಜೋಡಿಸುವಾಗ ಎಪ್ಪತ್ತೆರಡರಿಂದ ಒಂದರವರೆಗೆ. ಬೆಳಗಿನ ಜಪದ ಬಳಿಕ ಎರಡೂ ದಿಕ್ಕಿನಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಮೂವತ್ತು ವರ್ಷ ನನ್ನೊಡನೆ ಬಾಳಿದ ಹೆರಿಯನಿಗೆ ನನ್ನಲ್ಲಿ ಎಷ್ಟು ಭಾಗಗಳಿವೆಯೆಂದು ತಿಳಿದಿರಲಿಲ್ಲ. ಅವನು ಎಳೆದರೆ ನಾನು ಓಡುತ್ತಿದ್ದೆ.

ತುಕ್ಕಿನಿಂದ ಸೆಟೆದ ಪಿಸ್ಟನ್ನು ಜಗ್ಗಲಿಲ್ಲ. ಸೀಮೆಎಣ್ಣೆ, ತೆಂಗಿನೆಣ್ಣೆ ಬೆರೆಸಿ ಒಂಬತ್ತು ದಿನ ನೆನೆಹಾಕಿದರು. ಹತ್ತನೆಯ ದಿನ, ಮರದ ತುಂಡನ್ನಿಟ್ಟು ಮೆಲ್ಲನೆ ಬಡಿದಾಗ, ಅದು ನಿಟ್ಟುಸಿರಿಟ್ಟು ಸಡಿಲಿತು. ಗಂಗೊಳ್ಳಿಗೆ ನಾಲ್ಕು ಸಲ ನಡೆದು ಹೊಸ ರಿಂಗು, ಹೊಸ ಪ್ಲಗ್, ಎಣ್ಣೆ ಸೋರದ ಹಾಗೆ ತಡೆಯುವ ಸೀಲು ತಂದರು. ಮೊದಲ ಸಲ ತಂದ ರಿಂಗು ದೊಡ್ಡದು. ಎರಡನೆಯ ಸಲ ತಂದದ್ದು ಚಿಕ್ಕದು. ಮೂರನೆಯ ಸಲ ಅಂಗಡಿಯೇ ಮುಚ್ಚಿತ್ತು. ಮಳೆಯಲ್ಲಿ ತೋಯ್ದು ಬಂದು, ಹಾಳಾದ ರಿಂಗನ್ನು ಎದುರಿಗಿಟ್ಟುಕೊಂಡು, ಕೈಕಟ್ಟಿ ಕುಳಿತ ಅವರ ಮುಖ ಕಂಡಾಗ ನನಗೂ ಕನಿಕರವಾಗುತ್ತಿತ್ತು. ಹಿತ್ತಾಳೆಯ ಭಾಗಗಳನ್ನು ಮಾತ್ರ ದೇವರ ಪಾತ್ರೆ ಬೆಳಗುವ ಹಾಗೆ ಹುಣಸೆಹುಳಿಯಿಂದ ಉಜ್ಜಿ ಬೆಳಗಿಸಿದರು. ನನ್ನ ಜನ್ಮದಲ್ಲಿ ನಾನು ಹಾಗೆ ಹೊಳೆದಿರಲಿಲ್ಲ.

ಅನಂತರ ಬಂತು ನಲವತ್ತೊಂದನೆಯ ಕ್ರಮಾಂಕ. ಜೆಟ್.

ಉರಾಳರು ಅದನ್ನು ಬೆಳಕಿಗೆ ಹಿಡಿದರು. ರಂಧ್ರದಲ್ಲಿ ಕೆಸರಿನ ಹೆಪ್ಪು. ಕಬ್ಬಿಣ ತಾಗಿಸಬಾರದೆಂಬ ಹೆರಿಯನ ಮಾತು ಅವರಿಗೆ ನೆನಪಿತ್ತು. ಆದುದರಿಂದ ಸೂಜಿ ವರ್ಜ್ಯ. ಬಾಯಿಗಿಡುವುದಂತೂ ಅವರ ವ್ರತಕ್ಕೆ ವಿರುದ್ಧ. ಬಹಳ ಹೊತ್ತು ಯೋಚಿಸಿ ಒಳಗೆ ಹೋಗಿ, ತರ್ಪಣದ ತಟ್ಟೆಯಿಂದ ಒಂದು ದರ್ಭೆ ತಂದರು. ಲೋಹವಲ್ಲ, ಎಂಜಲಲ್ಲ, ಹುಲ್ಲುಗಳಲ್ಲೆಲ್ಲ ಪವಿತ್ರವಾದದ್ದು. ಅದರ ಚೂಪಾದ ತುದಿಯನ್ನು ರಂಧ್ರಕ್ಕೆ ತೂರಿಸಿ ತಿರುಗಿಸಿದರು. ಕೆಸರು ಉದುರಿತು. ದರ್ಭೆಯನ್ನು ಹೊರಗೆಳೆದರು. ಸಾಸಿವೆಯ ಅರ್ಧದಷ್ಟು ತುದಿ ಒಳಗೆ ಮುರಿದು ಉಳಿಯಿತು.

ಅವರು ನೋಡಲಿಲ್ಲ. ತೃಪ್ತಿಯಿಂದ ತಲೆದೂಗಿ, ಜೆಟ್ಟನ್ನು ಅದರ ಸ್ಥಾನದಲ್ಲಿ ಕೂರಿಸಿದರು. ಪೆಟ್ರೋಲಿನಲ್ಲಿ ನೆನೆದು ಆ ತುದಿ ಉಬ್ಬಿತು. ನನ್ನ ಕಂಠ ಮುಚ್ಚಿತು.

ಇಲ್ಲಿಂದ ಮುಂದಿನ ಮೂರು ವಾರಗಳನ್ನು ನೆನೆದರೆ ಈಗಲೂ ನನ್ನ ಲೋಹ ಕಾಯುತ್ತದೆ. ಓಡುವಾಗ ನನ್ನ ಒಡಲು ಸುಡದಿರಬೇಕಾದರೆ ಕಾಲು ನೀರಿನಲ್ಲಿರಬೇಕು. ಅದಕ್ಕಾಗಿ ಉರಾಳರು ಬಚ್ಚಲಿನ ತಾಮ್ರದ ಹಂಡೆಯನ್ನು ಜಗಲಿಗೆ ಉರುಳಿಸಿ ತಂದು, ತುಂಬ ನೀರು ತುಂಬಿ, ನನ್ನನ್ನು ಅದರಲ್ಲಿ ನಿಲ್ಲಿಸಿದರು. ಕಮಲಾಕ್ಷಿಯಮ್ಮನವರು ಅಂದಿನಿಂದ ಅಡಿಗೆಯ ಪಾತ್ರೆಯಲ್ಲಿ ಸ್ನಾನದ ನೀರು ಕಾಯಿಸಬೇಕಾಯಿತು. ಅದನ್ನು ಅವರು ದಿನಕ್ಕೆ ಮೂರು ಸಲ ಕೇಳಿಸುವಂತೆ ಹೇಳುತ್ತಿದ್ದರು. ಉರಾಳರು ಹಗ್ಗ ಎಳೆದರು. ಎಳೆದರು. ಜಪಮಣಿಯಂತೆ ಎಣಿಸಿ ದಿನಕ್ಕೆ ನೂರೆಂಟು ಸಲ ಎಳೆದರು. ಅರುವತ್ತು ದಾಟಿದ ತೋಳು ಊದಿಕೊಂಡಿತು. ಆರತಿ ಎತ್ತುವಾಗ ಕೈ ನಡುಗುತ್ತಿತ್ತೆಂದು ಅವರೇ ಹೆಂಡತಿಯೊಡನೆ ಹೇಳುವುದನ್ನು ಕೇಳಿದೆ.

ಪ್ಲಗ್ಗನ್ನು ಬಿಚ್ಚಿ ನೋಡುತ್ತಿದ್ದರು. ಅದು ಒಣಗಿ, ಶುಭ್ರವಾಗಿ ಹೊಳೆಯುತ್ತಿತ್ತು. “ದೋಷ ಇಲ್ಲಿಲ್ಲ” ಎಂದು ಸಮಾಧಾನದಿಂದ ಮತ್ತೆ ಹಾಕುತ್ತಿದ್ದರು. ಅಯ್ಯೋ! ಒಣಗಿದ ಪ್ಲಗ್ಗೆಂದರೆ ಯಂತ್ರ ಉಪವಾಸವಿದೆಯೆಂದು ಅರ್ಥ. ಬಂದರಿನ ಯಾವ ದೋಣಿಯವನನ್ನು ಕೇಳಿದರೂ ಹೇಳುತ್ತಿದ್ದ. ಮಡಿಯನ್ನು ಬಲ್ಲ ಪಂಡಿತರಿಗೆ ಒಣಗಿದುದೆಲ್ಲ ಶುದ್ಧ. ಎಪ್ಪತ್ತೆರಡು ಭಾಗಗಳನ್ನು ಮೂರು ಸಲ ಬಿಚ್ಚಿದರು, ಮೂರು ಸಲ ಜೋಡಿಸಿದರು. ಮೂರು ಸಲವೂ ಜೆಟ್ಟನ್ನು ಕೈಗೆತ್ತಿಕೊಂಡರು, ಹೊರಮೈಯನ್ನು ಒರೆಸಿದರು, ಇದ್ದ ಹಾಗೆಯೇ ಇಟ್ಟರು. ಹಿಡಿಕೆಯಿಂದ ಅವರ ಬೆನ್ನಿಗೆ ಒಂದು ಏಟು ಹಾಕುವ ಶಕ್ತಿಯನ್ನು ನನ್ನನ್ನು ಎರೆದವರು ನನಗೆ ಏಕೆ ಕೊಡಲಿಲ್ಲವೋ!

ಸಂಕ್ರಮಣಕ್ಕೆ ಎರಡು ದಿನ ಉಳಿದಿತ್ತು. ಶೆಟ್ಟರು ತಂತ್ರಿಗಳಿಗೆ ಹೇಳಿ ಕಳುಹಿಸಿದ ಸುದ್ದಿ ಬಂತು. ಆ ಮಧ್ಯಾಹ್ನ ಉರಾಳರು, ಏನು ತೋಚಿತೋ, ಪ್ಲಗ್ಗಿನ ರಂಧ್ರದಿಂದಲೇ ಒಂದು ಚಮಚ ಪೆಟ್ರೋಲನ್ನು ಒಳಗೆ ಸುರಿದು ಹಗ್ಗ ಎಳೆದರು.

ಡುಬ್, ಡುಬ್ ಎಂದೆ! ಎರಡೇ ಸಲ. ಚಮಚದಷ್ಟು ಊಟ ಎರಡು ಉಸಿರಿಗೆ ಸಾಕು. ಹಂಡೆಯ ನೀರು ಅಲುಗಿ ಸುಮ್ಮನಾಯಿತು. ಉರಾಳರ ಮುಖದಲ್ಲಿ ಬೆಳಕು ಹೊತ್ತಿ, ಮರುಕ್ಷಣವೇ ಆರಿತು. ಮತ್ತೆ ಎಳೆದರು, ನಾನು ಮೂಕ. ಅವರು ಹಗ್ಗವನ್ನು ಎಸೆದು, ಮೂವತ್ತು ವರ್ಷಗಳಲ್ಲಿ ನಾನು ಅವರ ಬಾಯಲ್ಲಿ ಕೇಳದಿದ್ದ ಒಂದು ಮಾತನ್ನು ಆಡಿದರು. ಅದನ್ನು ನಾನು ಬರೆಯಲಾರೆ.

ಆ ಎರಡು ಉಸಿರು ಮಾತ್ರ ತೆಂಗಿನ ತೋಟ ದಾಟಿ ಹೆರಿಯನ ಜಗಲಿಯನ್ನು ಮುಟ್ಟಿದ್ದವು. ಅರ್ಧ ಗಂಟೆಯೊಳಗೆ ಜಲಜೆಯೂ ಅವಳ ಗಂಡನೂ ಕುರ್ಚಿಸಹಿತ ಅವನನ್ನು ಹೊತ್ತು ತಂದರು.

“ಅಯ್ಯಾ, ನಿಮ್ ಮಿಷನ್ ಕೆಮ್ಮುದ್ ಕೇಳಿ ಅಪ್ಪಯ್ಯ ಮಂಚ ಬಡೂಕ್ ಶುರು ಮಾಡ್ದ. ಕರ್ಕಂಡ್ ಬರ್ದೆ ಇದ್ರೆ ಮಂಚ ಮುರೀತಿದ್ದ” ಎಂದಳು ಜಲಜೆ, ಏದುಸಿರು ಬಿಡುತ್ತ.

ಆರು ತಿಂಗಳ ಮೇಲೆ ಹೆರಿಯ ನನ್ನನ್ನು ಕಂಡ. ಅವನ ಮುಖದ ಬಲಭಾಗ ಜಾರಿತ್ತು. ಎಡಗಣ್ಣಿನಲ್ಲಿ ಮಾತ್ರ ಹಳೆಯ ಹೆರಿಯನಿದ್ದ. ಎಡಗೈಯಿಂದ ಪ್ಲಗ್ಗನ್ನು ತೋರಿಸಿದ. ಉರಾಳರು ಬಿಚ್ಚಿ ಅವನ ಮುಂದೆ ಹಿಡಿದರು.

“ಕಾಣ್, ಹೆರಿಯಾ. ಒಂದ್ ಚೂರ್ ಮಸಿ ಇಲ್ಲ, ಒಂದ್ ಹನಿ ಎಣ್ಣಿ ಇಲ್ಲ. ಮಡಿ ವಸ್ತ್ರದ್ ಹಾಂಗಿತ್ತ್.”

ಹೆರಿಯನ ಅರ್ಧ ಬಾಯಿಯಿಂದ ಒಂದು ಸದ್ದು ಹೊರಟಿತು. ಅದು ನಗುವೆಂದು ನನಗೆ ಗೊತ್ತಾಯಿತು. ಅವನು ಎಡಗೈಯನ್ನೆತ್ತಿ ತನ್ನ ಕೊರಳನ್ನು ತೋರಿಸಿದ.

“ಬಾಯಾರ್ಕಿ ಆಯ್ತೊ ಏನೊ” ಎಂದು ಉರಾಳರು ಒಳಗೆ ಕೂಗಿದರು. ಕಮಲಾಕ್ಷಿಯಮ್ಮನವರು ಲೋಟದಲ್ಲಿ ನೀರು ತಂದರು. ಹೆರಿಯ ತಲೆಯಲ್ಲಾಡಿಸಿ ಮತ್ತೆ ಕೊರಳನ್ನು ತೋರಿಸಿದ, ಬೆರಳಿನಿಂದ ಕುಟ್ಟಿದ. ಉರಾಳರ ಕಣ್ಣು ಹನಿಗೂಡಿತು. ಆಯುಷ್ಯ ಮುಗಿಯಿತೆಂದು ಹೇಳುತ್ತಿದ್ದಾನೆಂದು ಭ್ರಮಿಸಿ, ಓಡಿಹೋಗಿ ದೇವರ ತೀರ್ಥವನ್ನು ತಂದು ಅವನ ಬಾಯಿಗೆ ಬಿಟ್ಟರು. ತೀರ್ಥವನ್ನು ಉಗುಳುವಂತಿಲ್ಲ, ಹೆರಿಯ ನುಂಗಿದ. ನುಂಗಿ, ಕೋಪದಿಂದ ಕುರ್ಚಿಯ ಕೈಯನ್ನು ಬಡಿದ. ನನ್ನನ್ನೂ ಸೇರಿಸಿ ಜಗಲಿಯಲ್ಲಿದ್ದ ಆರು ಮಂದಿಯಲ್ಲಿ ನಿಜವನ್ನು ಬಲ್ಲವರು ನಾವಿಬ್ಬರು, ನಾನು ಮತ್ತು ಅವನು. ಬಾಯಿಲ್ಲದವರೂ ನಾವಿಬ್ಬರೇ.

ಅವನು ತಾನೇ ಮುಂದಕ್ಕೆ ಬಾಗಿ ನನ್ನ ಕಾರ್ಬುರೇಟರನ್ನು ಹಿಡಿದುಕೊಂಡ. ಆಗ ಉರಾಳರಿಗೆ ಅರ್ಧ ತಿಳಿಯಿತು. ಒಂದೊಂದಾಗಿ ಬಿಚ್ಚುತ್ತ ಹೋದರು. ಜೆಟ್ ಹೊರಬಂದೊಡನೆ ಹೆರಿಯ ಕೈಚಾಚಿದ. ಅದನ್ನು ತುಟಿಗಿಟ್ಟು ಊದಿದ. ಉಸಿರು ಜೆಟ್ಟಿಗೆ ಹೋಗಲಿಲ್ಲ; ಸೋತ ಬಲತುಟಿಯ ಸಂದಿನಿಂದ, ಜೊಲ್ಲಿನೊಡನೆ, ವ್ಯರ್ಥವಾಗಿ ಹೊರಟುಹೋಯಿತು. ಮತ್ತೆ ಊದಿದ. ಮೂರನೆಯ ಸಲ ಊದುವಾಗ ಅವನ ಎಡಗಣ್ಣಿನಿಂದ ನೀರು ಇಳಿಯಿತು.

“ಕೊಡ್ ಅಪ್ಪಯ್ಯ, ನಾನ್ ಊದ್ತೆ.” ಜಲಜೆ ತೆಗೆದುಕೊಂಡು ಊದಿದಳು, ಕೆನ್ನೆ ಉಬ್ಬಿಸಿ ಊದಿದಳು. “ಎಂತದೂ ಬತ್ತಿಲ್ಲ, ಅಯ್ಯಾ. ಒಳ್ಗೆ ಏನೋ ಸಿಕ್ಕಂಡಿತ್ತ್. ಒಂದ್ ಸೂಜಿ ಕೊಡಿ ಕಾಂಬ.”

ಸೂಜಿ ಎಂದೊಡನೆ ಹೆರಿಯ ಗರ್ಜಿಸಿದ. ಅವಳ ಕೈಯಿಂದ ಜೆಟ್ಟನ್ನು ಕಸಿದುಕೊಂಡು ಉರಾಳರ ಮುಂದೆ ಹಿಡಿದ. ಅವರು ಕೈಚಾಚಲಿಲ್ಲ. ಅವನು ಜೆಟ್ಟನ್ನು ಅವರ ಅಂಗೈಗೆ ಹಾಕಿ, ತನ್ನ ಎಡಮುಷ್ಟಿಯನ್ನು ಬಾಯಿಗಿಟ್ಟು, ಕತ್ತನ್ನು ಮೇಲಕ್ಕೆತ್ತಿದ.

ಶಂಖ.

ಮೂವತ್ತು ವರ್ಷ ದೋಣಿಯಲ್ಲಿ ಕುಳಿತು ಅಣಕಿಸಿದ ಅದೇ ಭಂಗಿ. ಉರಾಳರು ಅದನ್ನು ನೋಡಿದರು. ಅಂಗೈಯಲ್ಲಿದ್ದ ಜೆಟ್ಟನ್ನು ನೋಡಿದರು. ಅದು ಹೆರಿಯನ ಜೊಲ್ಲಿನಿಂದಲೂ ಜಲಜೆಯ ಉಸಿರಿನಿಂದಲೂ ತೋಯ್ದಿತ್ತು. ಸೀಮೆಎಣ್ಣೆಯ ಬಟ್ಟೆ ಕೈಯಳತೆಯಲ್ಲೇ ಇತ್ತು, ಒರೆಸಿಕೊಳ್ಳಬಹುದಾಗಿತ್ತು. ಒಳಬಾಗಿಲಿನಲ್ಲಿ ಕಮಲಾಕ್ಷಿಯಮ್ಮನವರು ನೋಡುತ್ತ ನಿಂತಿದ್ದರು. ಉರಾಳರು ಮುಖವನ್ನು ಹೊಳೆಯ ಕಡೆಗೆ ತಿರುಗಿಸಲಿಲ್ಲ. ಬಟ್ಟೆಯನ್ನೂ ಮುಟ್ಟಲಿಲ್ಲ. ಜೆಟ್ಟನ್ನು ತುಟಿಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಹೊಕ್ಕುಳಿನಿಂದ ಉಸಿರೆಳೆದು, ಕುದ್ರಿನಿಂದ ದಡಕ್ಕೆ ಕೇಳಿಸುವಂತೆ ನಲವತ್ತು ವರ್ಷ ಊದಿದ ಆ ಎದೆಯ ಬಲವನ್ನೆಲ್ಲ ಸಾಸಿವೆಗಿಂತ ಸಣ್ಣ ರಂಧ್ರದೊಳಕ್ಕೆ ಊದಿದರು.

ಸಿಳ್ಳಿನಂತಹ ಸದ್ದಿನೊಡನೆ ಏನೋ ಒಂದು ಹಾರಿ ನೆಲಕ್ಕೆ ಬಿತ್ತು. ಉರಾಳರು ಬಾಗಿ, ಬೆರಳಿಗೆ ಅಂಟಿಸಿಕೊಂಡು, ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

“ದರ್ಭಿ ತುದಿ” ಎಂದರು ಮೆಲ್ಲನೆ. “ನಾನೇ ಹಾಕ್ದದ್ದ್.”

ಹೆರಿಯನ ಎಡಗೈ ಮೇಲೆದ್ದು ಉರಾಳರ ತೋಳನ್ನು ಎರಡು ಸಲ ತಟ್ಟಿತು. ಹಿಂದೊಮ್ಮೆ ನನ್ನ ತಲೆಗವಸನ್ನು ತಟ್ಟಿದ ಹಾಗೆ.

ಮೂರನೆಯ ಎಳೆತಕ್ಕೆ ನಾನು ಕೂಗಿದೆ. ಒಂದೇ ಎಳೆತಕ್ಕೆ ಕೂಗಬೇಕೆಂಬ ಆಸೆಯಿತ್ತು, ವಯಸ್ಸು ಬಿಡಲಿಲ್ಲ. ಹಂಡೆಯ ನೀರೆಲ್ಲ ಜಗಲಿಯ ಮೇಲೆ, ಜಲಜೆಯ ಸೀರೆಯ ಮೇಲೆ, ಉರಾಳರ ಮುಖದ ಮೇಲೆ ಚಿಮ್ಮಿತು. “ನನ್ನ ಹಂಡಿ ಒಡೀತ್, ನಿಲ್ಸಿ ಮಾರಾಯ್ರೆ!” ಎಂದು ಕಮಲಾಕ್ಷಿಯಮ್ಮನವರು ಕೂಗುತ್ತಿದ್ದರು, ನಿಲ್ಲಿಸುವುದು ಹೇಗೆಂದು ಮಾತ್ರ ಉರಾಳರ ಪಾಠದಲ್ಲಿರಲಿಲ್ಲ. ಕೊನೆಗೆ ಹೆರಿಯ ಎಡಗೈ ಚಾಚಿ ಗುಂಡಿಯೊತ್ತಿದ. ಅದಾದ ಮೇಲೆ ಉರಾಳರು ನೇರವಾಗಿ ಬಾವಿಕಟ್ಟೆಗೆ ಹೋಗಿ ಮೂರು ಕೊಡ ನೀರು ಸುರಿದುಕೊಂಡರು. ಹೆರಿಯ ಅದನ್ನು ನೋಡಿದ. ನೊಂದುಕೊಂಡಂತೆ ಕಾಣಲಿಲ್ಲ, ಅವನಿಗೆ ಅವರು ಗೊತ್ತಿದ್ದರು.

ಸಂಕ್ರಮಣದ ಬೆಳಿಗ್ಗೆ ದೋಣಿಯ ಹಿಂಬದಿಯಲ್ಲಿ ಹೆರಿಯನನ್ನು ಕೂರಿಸಿ, ಬೆನ್ನಿಗೆ ಅಕ್ಕಿಯ ಗೋಣಿ ಕೊಟ್ಟರು. ಜಲಜೆ ಹಗ್ಗ ಎಳೆದಳು. ಹಿಡಿಕೆಯ ಮೇಲೆ ಅವನ ಎಡಗೈ ಬಂತು. ಅದುವರೆಗೆ ಅವನು ಎಡಗೈಯಿಂದ ನನ್ನನ್ನು ನಡೆಸಿದ್ದಿಲ್ಲ. ದೋಣಿ ಸ್ವಲ್ಪ ಹೊತ್ತು ಹಾವಿನಂತೆ ಹರಿದು, ಆಮೇಲೆ ನೇರವಾಯಿತು. ಕೆಂಪು ಹೊಳೆಯನ್ನು ಸೀಳಿ ಕುದ್ರು ಮುಟ್ಟಿದೆವು. ಮಧ್ಯಾಹ್ನ ಗಂಟೆ ಮೊಳಗಿತು, ಶಂಖ ಮೊಳಗಿತು. ಗುಡಿಯಿಂದ ಹೊರಬಂದ ಉರಾಳರು ನೋಡಿದಾಗ ಹೆರಿಯನ ಎಡಮುಷ್ಟಿ ಬಾಯಿಯ ಮೇಲಿತ್ತು. “ಕಪಿ” ಎಂದರು.

ಮರಳಿ ಬರುವಾಗ ಶೀನಪ್ಪ ಶೆಟ್ಟರು ಕೊಡೆ ಹಿಡಿದು ದಡದಲ್ಲಿ ನಿಂತಿದ್ದರು.

“ಗಂಟಿ ಕೇಳ್ತ್, ಭಟ್ರೆ. ಅದ್ಕಿಂತ ಮುಂಚೆ ಇದ್ರ್ ಗಲಾಟಿಯೇ ಕೇಳ್ತ್. ತಂತ್ರಿಗಳಿಗ್ ಬರುದ್ ಬೇಡ ಅಂತ ಹೇಳ್ತೆ” ಎಂದಷ್ಟೇ ಹೇಳಿ ಹೊರಟುಹೋದರು.

ಹೆರಿಯ ಮತ್ತೆರಡು ವರ್ಷ ಎಡಗೈಯಿಂದ ನನ್ನನ್ನು ನಡೆಸಿದ. ಅವನು ತೀರಿಕೊಂಡ ಮೇಲೆ ಹಿಡಿಕೆ ಜಲಜೆಯ ಕೈಗೆ ಬಂತು. ಅವಳು ತಂದೆಗಿಂತ ವೇಗ, ತಂದೆಗಿಂತ ಬೈಗುಳ ಜಾಸ್ತಿ. ಜೆಟ್ಟನ್ನು ಊದುವುದು ಮಾತ್ರ ಉರಾಳರ ಪಾಲಿಗೇ ಉಳಿಯಿತು. ಪ್ರತಿ ಸಂಕ್ರಮಣಕ್ಕೂ ಊದಿ, ಮೊದಮೊದಲು ಸ್ನಾನ ಮಾಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಹನ್ನೆರಡು ಸಲ ಬಾಯಿ ಮುಕ್ಕಳಿಸುವುದಕ್ಕೆ ಇಳಿದರು.

ಈಗ ಕುದ್ರಿಗೆ ಕಾಲುಸಂಕ ಬಂದಿದೆ. ದೇವರು ಅಲ್ಲಿಯೇ ಇದ್ದಾನೆ. ಜನ ನಡೆದು ಬರುತ್ತಾರೆ. ನಾನು ಗುಡಿಯ ಹಿಂದಿನ ಉಗ್ರಾಣದಲ್ಲಿ, ಕಾಲು ಮುರಿದ ದೀಪದ ಕಂಬಕ್ಕೂ ಬಿರುಕು ಬಿಟ್ಟ ಹಂಡೆಗೂ ನಡುವೆ ನಿಂತಿದ್ದೇನೆ. ಹಂಡೆ ಕಮಲಾಕ್ಷಿಯಮ್ಮನವರದೇ. ಅದು ಒಡೆದದ್ದು ನನ್ನಿಂದಲೆಂದು ಅವರು ಇಂದಿಗೂ ಸಾಧಿಸುತ್ತಾರೆ. ನನ್ನ ಟ್ಯಾಂಕಿಯಲ್ಲಿ ಪೆಟ್ರೋಲಿಲ್ಲ. ನೀರನ್ನು ತಳ್ಳುವ ಫ್ಯಾನಿನ ಒಂದು ಎಸಳು ತೇದುಹೋಗಿದೆ. ನಾನು ಇನ್ನು ಓಡುವವನಲ್ಲ. ಅದು ಉರಾಳರಿಗೂ ಗೊತ್ತು.

ಆದರೂ ಸಂಕ್ರಮಣದ ದಿನ ಪೂಜೆ ಮುಗಿದ ಮೇಲೆ, ಕೋಲೂರಿಕೊಂಡು, ಅವರು ಉಗ್ರಾಣಕ್ಕೆ ಬರುತ್ತಾರೆ. ನಲವತ್ತೊಂದನೆಯ ಭಾಗವನ್ನು ಬಿಚ್ಚಿ ತುಟಿಗಿಟ್ಟು ಊದುತ್ತಾರೆ. ಈಗ ಅದರಿಂದ ಏನೂ ಹಾರಿ ಬೀಳುವುದಿಲ್ಲ. ಒಬ್ಬ ಮುದುಕನ ಉಸಿರು ಈ ಕಡೆಯಿಂದ ಹೋಗಿ ಆ ಕಡೆಯಿಂದ ಹೊರಡುತ್ತದೆ, ಅಷ್ಟೆ. ಮತ್ತೆ ಕೂರಿಸಿ, ಸ್ಕ್ರೂವನ್ನು ಎಂದಿನಂತೆ ಅರ್ಧ ಮಾತ್ರ ಬಿಗಿಸುತ್ತಾರೆ. ಇಷ್ಟು ವರ್ಷವಾದರೂ ಅದನ್ನು ಪೂರ್ತಿ ಬಿಗಿಸಬೇಕೆಂದು ಅವರಿಗೆ ತಿಳಿಯಲೇ ಇಲ್ಲ. ನಾನು ಹೇಳುವುದನ್ನು ಬಿಟ್ಟುಬಿಟ್ಟಿದ್ದೇನೆ.

ಕಳೆದ ಸಂಕ್ರಮಣದಂದು ಕಮಲಾಕ್ಷಿಯಮ್ಮನವರು ಬಾಗಿಲಿನಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದರು.

“ಬಾಯ್ ಮುಕ್ಕಳ್ಸಿ. ಪ್ರಸಾದಕ್ಕೆ ಜನ ಕಾಯ್ತಾ ಇದ್ರ್.”

ಉರಾಳರು ಚೊಂಬಿನ ಕಡೆಗೆ ನೋಡಿದರು. ಆಮೇಲೆ ನನ್ನ ಹಿಡಿಕೆಯ ಮೇಲೆ, ಹೆರಿಯನ ಕೈ ಸವೆಸಿದ ಜಾಗದಲ್ಲಿ, ತಮ್ಮ ಕೈಯಿಟ್ಟರು.

“ಎಂತಕೆ?” ಎಂದು ಕೇಳಿ, ಹಾಗೆಯೇ ಹೊರಗೆ ನಡೆದರು.